ಇಪ್ಪತ್ತೊಂದು ಗುಲಗಂಜಿ

ಶನಿವಾರ ಸಂಜೆ ಕೊರಟಗೆರೆಯ ಅಂಗಡಿಯಲ್ಲಿ ಅಕ್ಕಸಾಲಿ ಕದಿರಯ್ಯ ಚಿನ್ನದ ತಕ್ಕಡಿಗೆ ಉಬ್ಬಸದ ಸ್ಪ್ರೇ ಡಬ್ಬಿ ಇಟ್ಟು, "ಟೀಚರಮ್ಮ, ಇದೆಷ್ಟು ಕ್ಯಾರೆಟ್ಟು?" ಎಂದ. ಪ್ರತಿ ವಾರದ ಹಾಸ್ಯ. ಕಮಲಾಕ್ಷಮ್ಮ ನಗದೆ ತೂಕ ಬರೆದುಕೊಂಡಳು. ಹೋದ ವಾರಕ್ಕಿಂತ ಇಪ್ಪತ್ತೊಂದು ಗುಲಗಂಜಿ, ಅಂದರೆ ಸುಮಾರು ಎರಡೂವರೆ ಗ್ರಾಂ, ಕಡಿಮೆ. ದಿನಕ್ಕೆ ನಾಲ್ಕು ಸಲ ಒತ್ತಿದರೆ ಇಳಿಯಬೇಕಾದದ್ದೂ ಅಷ್ಟೇ.

ಅತ್ತೆ ಚನ್ನಮಲ್ಲಮ್ಮನ ಉಬ್ಬಸ ಮಾತ್ರ ಇಳಿದಿರಲಿಲ್ಲ. ಸೊಸೆ ಬರೆದಿಟ್ಟ ನಾಲ್ಕು ತಿಂಗಳ ತೂಕ ನೋಡಿದ ತುಮಕೂರಿನ ಡಾಕ್ಟರು, "ಇಷ್ಟು ತಪ್ಪದೆ ಎಳೆದುಕೊಂಡೂ ಹೀಗಾದರೆ ಸೋಮವಾರದಿಂದ ಸ್ಟೀರಾಯ್ಡ್ ಮಾತ್ರೆ ಕೊಡಿ. ಸಕ್ಕರೆ ಏರುತ್ತೆ, ಬೇರೆ ದಾರಿಯಿಲ್ಲ" ಎಂದಿದ್ದರು. ಅತ್ತೆಗೆ ಮೊದಲೇ ಸಕ್ಕರೆ ಕಾಯಿಲೆ. ಕಾಲ್ಬೆರಳಿನ ಹುಣ್ಣು ಇನ್ನೂ ಮಾಗಿರಲಿಲ್ಲ.

ಸೋಮವಾರ ಆರು ಗಂಟೆಗೆ ಎಂದಿನಂತೆ ಅತ್ತೆಯ ಕೈಗೆ ಸ್ಪ್ರೇ ಕೊಟ್ಟು, ತಿಂಡಿಯಾದ ಮೇಲೆ ನುಂಗಲು ಹೊಸ ಮಾತ್ರೆ ತೆಗೆದಿಟ್ಟು, ಕಮಲಾಕ್ಷಮ್ಮ ಮಧುಗಿರಿ ಬಸ್ಸಿಗೆ ಹೊರಟಳು. ಬೀದಿ ತಿರುವಿನಲ್ಲಿ ಮಕ್ಕಳ ಉತ್ತರಪತ್ರಿಕೆ ನೆನಪಾಗಿ ಹಿಂದಿರುಗಿದಳು.

ಹಿತ್ತಲಲ್ಲಿ ಅತ್ತೆ ಕರಿಬೇವಿನ ಗಿಡದ ಕಡೆ ಕೈ ಚಾಚಿ ಪುಸ್, ಪುಸ್ ಎಂದು ಸ್ಪ್ರೇ ಒತ್ತುತ್ತಿದ್ದರು.

"ಅತ್ತೆ! ಏನ್ ಮಾಡ್ತಿದ್ದೀರಿ?"

"ಯಾಕಂಗೆ ಕಿರುಚ್ತೀಯ? ಲಿಂಗಪೂಜೆ ಆಗ್ದೆ ನಾನು ಬಾಯಿಗೆ ಏನಾರ ಹಾಕಿದ್ದುಂಟಾ?"

"ಪೂಜೆ ಮುಗಿಸಿ ತಗೋಬಹುದಿತ್ತಲ್ಲ!"

"ಆರು ಗಂಟೆ ಅಂತ ಗೋಡೆಗೆ ಚೀಟಿ ಅಂಟಿಸ್ದೋಳು ನೀನು. ಹೊತ್ತು ಮೀರಿದ್ರೆ ಮುಖ ಊದುಸ್ಕೊಳ್ಳೋಳೂ ನೀನೇ."

"ಸಂಜೇದು?"

"ಸಂಜೆ ಪೂಜೆ ಇಲ್ವಾ?"

"ಹಂಗಾದ್ರೆ ಸುಮ್ಮನೆ ಇಟ್ಟುಬಿಡಬೇಕಿತ್ತು. ಗಿಡಕ್ಕೆ ಯಾಕೆ ಹೊಡೆದ್ರಿ?"

"ತೂಕ ಇಳೀಲಿಲ್ಲ ಅಂದ್ರೆ ನೀನು ಅನ್ನ ಬುಡ್ತೀಯ ಕಣಮ್ಮ. ಇಳಿಸ್ಕೊಟ್ಟೆ, ಅದ್ಕೂ ಬೈತೀಯ."

ಕಮಲಾಕ್ಷಮ್ಮನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ನಾಲ್ಕು ತಿಂಗಳು ಗುಲಗಂಜಿಯವರೆಗೂ ತೂಗಿಸಿದವಳು ಒಂದು ದಿನವಾದರೂ ಎದುರಿಗೆ ಕೂತು ನೋಡಿರಲಿಲ್ಲ. ಮಾತ್ರೆಯನ್ನು ಎತ್ತಿ ಟ್ರಂಕಿನಲ್ಲಿಟ್ಟಳು. ಶಾಲೆಗೆ ರಜಾ ಚೀಟಿ ಬರೆದಳು. ಡಾಕ್ಟರಿಗೆ ಮೊಬೈಲಿನಲ್ಲಿ, "ನಾನು ತಂದು ತೋರಿಸಿದ್ದು ಡಬ್ಬಿಯ ತೂಕ. ಔಷಧಿ ಅತ್ತೆಯ ಎದೆಗೆ ಇಳಿದೇ ಇಲ್ಲ. ಮಾತ್ರೆ ಕೊಟ್ಟಿಲ್ಲ, ನಾಳೆ ಕರೆತರುತ್ತೇನೆ" ಎಂದು ಬರೆದಳು.

ಎಂಟೂವರೆಗೆ ಪೂಜೆ ಮುಗಿಯಿತು. ವಿಭೂತಿಯ ಹಣೆ ಎತ್ತಿ ಅತ್ತೆ ಸ್ಪ್ರೇಯನ್ನು ಬಾಯಿಗಿಟ್ಟು ಒತ್ತಿದರು. ಬಿಳಿ ಹೊಗೆಯಷ್ಟೂ ತುಟಿಯಂಚಿನಿಂದ ಹೊರಗೆ ಬಂತು.

"ಆಯ್ತಾ?" ಎಂದರು.

"ಇಲ್ಲ ಅತ್ತೆ," ಎಂದು ಕಮಲಾಕ್ಷಮ್ಮ ಮಣೆ ಎಳೆದುಕೊಂಡು ಎದುರಿಗೆ ಕೂತಳು. "ಒಳಗೆ ಎಳ್ಕೋಬೇಕು. ಇನ್ನೊಂದ್ಸಲ."