ಹನ್ನೆರಡನೆಯ ಕಾಲಂನ ಗುಟ್ಟು

ಅರಗು ಕರಗುವ ವಾಸನೆ ಮೂಗಿಗೆ ಬಡಿದರೆ ಬೀಗದಮ್ಮ ಇಂದಿಗೂ ಎಂಟು ವರ್ಷದ ಹುಡುಗಿಯಾಗುತ್ತಾಳೆ. ಅಪ್ಪ ಅಂಚೆ ಕಚೇರಿಯಲ್ಲಿ ಚೀಲಗಳ ಬಾಯಿ ಬಿಗಿದು, ಗಂಟಿನ ಮೇಲೆ ಕೆಂಪು ಅರಗು ತೊಟ್ಟಿಕ್ಕಿಸಿ, ಹಿತ್ತಾಳೆಯ ಮುದ್ರೆ ಒತ್ತುತ್ತಿದ್ದರು. ಅರ್ಧ ಸುಟ್ಟ, ಅರ್ಧ ಸಿಹಿಯಾದ ವಾಸನೆ.

"ಒಳಗೇನಿದೆ ಅಪ್ಪಾ?"

"ನಂಗೇನು ಗೊತ್ತು ಮಗಳೇ? ಯಾರಿಗೆ ಸೇರಬೇಕು ಅನ್ನೋದು ಗೊತ್ತಿದ್ರೆ ಸಾಕಲ್ಲ."

ಆ ಮಗಳು ದೊಡ್ಡವಳಾಗಿ ಶಾಲೆಯೊಂದರ ಕಚೇರಿ ಸೇರಿ ಮೂವತ್ತೊಂದು ವರ್ಷ. ಸೊಂಟದಲ್ಲಿ ಹದಿನೇಳು ಕೀಲಿಗಳ ಗೊಂಚಲು. ಅದಕ್ಕೇ ಮಕ್ಕಳು ಇಟ್ಟ ಹೆಸರು ಬೀಗದಮ್ಮ. ಅವಳ ದಾಖಲೆ ಪುಸ್ತಕದಲ್ಲಿ ಹನ್ನೆರಡು ಕಾಲಂ. ಹನ್ನೊಂದರಲ್ಲಿ ಸರ್ಕಾರ ಕೇಳಿದ್ದು, ಹನ್ನೆರಡನೆಯದಾದ ಷರಾದಲ್ಲಿ ಅವಳ ಮನಸ್ಸಿಗೆ ಬಂದದ್ದು. 'ಗುಡುಗಿದರೆ ಮೇಜಿನ ಕೆಳಗೆ ಹೋಗುತ್ತಾನೆ, ಎಳೆಯಬೇಡಿ.' 'ಅಜ್ಜನಿಗೆ ಕಿವಿ ಮಂದ, ಬೈದಂತೆ ಮಾತಾಡಿದರೆ ಕೇಳಿಸುತ್ತದೆ.' ಶಿಕ್ಷಕರ ಪುಸ್ತಕದಲ್ಲೂ ಇದೇ ಪದ್ಧತಿ. ಕಂಪ್ಯೂಟರ್ ಬಂದಾಗ ಎಲ್ಲವನ್ನೂ ಒಂದಕ್ಷರ ಬಿಡದೆ ಅದರೊಳಗೆ ಇಳಿಸಿದ್ದಳು.

ಶಾಲೆಯಲ್ಲಿ ಕಂಪ್ಯೂಟರ್ ವ್ಯವಸ್ಥೆಗಳು ಮೂರು: ಕಚೇರಿಯದು, ಗ್ರಂಥಾಲಯದ್ದು, ಅಡುಗೆಮನೆಯದು. ಮುನಿಸಿಕೊಂಡ ಓರಗಿತ್ತಿಯರಂತೆ ಒಂದರ ಮುಖ ಒಂದು ನೋಡುತ್ತಿರಲಿಲ್ಲ. ಕಚೇರಿಯ ಲೆಕ್ಕದಲ್ಲಿ ನಾಲ್ಕನೇ ತರಗತಿಯಲ್ಲಿದ್ದ ಮಗು ಗ್ರಂಥಾಲಯದಲ್ಲಿ ಇನ್ನೂ ಮೂರರಲ್ಲಿತ್ತು. ಅಡುಗೆಮನೆಯ ಪ್ರಕಾರ ಶಾಲೆಯನ್ನೇ ಬಿಟ್ಟುಹೋಗಿತ್ತು. ಬಿಟ್ಟುಹೋದ ಮಗು ದಿನಾ ಬಂದು ಎರಡು ಸಲ ಬಡಿಸಿಕೊಳ್ಳುತ್ತಿತ್ತು, ಆ ಮಾತು ಬೇರೆ.

ಈ ಮೂವರನ್ನೂ ರಾಜಿ ಮಾಡಿಸಲು ಬಂದವನು ಐವತ್ತರ ತಂತ್ರಜ್ಞ. ಕುತ್ತಿಗೆಗೆ ಸದಾ ವೈರು ಸುತ್ತಿಕೊಂಡಿರುತ್ತಿದ್ದುದರಿಂದ ಬಂದ ದಿನವೇ ವೈರಪ್ಪನಾದ. ನಿನ್ನೆ ಸಂಜೆ ಬೀಗದಮ್ಮನ ಮುಂದೆ ಕಚೇರಿ ದಾಖಲೆಯ ಕಾಲಂಗಳ ಪಟ್ಟಿ ತೆರೆದಿಟ್ಟಿದ್ದ; ಪ್ರತಿ ಕಾಲಂ ಎದುರು ಗ್ರಂಥಾಲಯ, ಅಡುಗೆಮನೆ ಎಂದು ಎರಡು ಚೌಕ.

"ಅಮ್ಮಾ, ಯಾರಿಗೆ ಯಾವುದು ಅಂತ ಟಿಕ್ ಹಾಕಿಬಿಡಿ. ಆಮೇಲೆ ಬದಲಾಯಿಸ್ಬೇಕು ಅಂದ್ರೆ ನಿಮ್ಮ ಪಾಸ್‌ವರ್ಡೂ ಬೇಕು, ನಂದೂ ಬೇಕು. ಒಬ್ಬರ ಕೈಲಿ ಆಗಲ್ಲ. ಭದ್ರತೆ ನೋಡಿ!"

ಭದ್ರತೆ ಎಂದದ್ದೇ ತಡ, ಬೀಗದಮ್ಮನಿಗೆ ಅವನು ಸ್ವಂತ ತಮ್ಮನಂತೆ ಕಂಡ. ಷರಾ ಕಾಲಂ ಹುಡುಕಿ ಎರಡೂ ಕಡೆ ಟಿಕ್ ಹಾಕಿದಳು. ಮೂವತ್ತೊಂದು ವರ್ಷದಿಂದ ಅವಳ ಕೆಂಪು ಟಿಕ್‌ಗೆ ಇದ್ದದ್ದು ಒಂದೇ ಅರ್ಥ: ನೋಡಿ ಮುಚ್ಚಿದ್ದೇನೆ, ಇನ್ನು ಯಾರೂ ತೆರೆಯಕೂಡದು. ಹೆಸರು, ತರಗತಿ ಯಾರು ಬೇಕಾದರೂ ನೋಡಲಿ ಎಂದು ಹಾಗೇ ಬಿಟ್ಟಳು. ನೆಮ್ಮದಿಯಾಗಿ ಮನೆಗೆ ಹೋಗಿ ಮಲಗಿದಳು.

ಇವತ್ತು ಹನ್ನೆರಡು ಗಂಟೆ ಹೊಡೆದಾಗ ಗಣಿತದ ಮೇಷ್ಟ್ರು ಕೆಂಡವಾಗಿ ಕಚೇರಿಗೆ ನುಗ್ಗಿದರು.

"ಏನಮ್ಮಾ ಇದು? ಪುಸ್ತಕ ತಗೊಳ್ಳೋಣ ಅಂತ ಕಾರ್ಡ್ ತೋರಿಸಿದ್ರೆ ಲೈಬ್ರರಿ ಪರದೆ ಮೇಲೆ ನನ್ನ ಹೆಸರಿಲ್ಲ, ಏನಿಲ್ಲ. 'ಚಹಾ ಆಗುವ ಮೊದಲು ಮಾತಾಡಿಸಬಾರದು' ಅಂತಿದೆ! ಹಿಂದೆ ಐದನೇ ಕ್ಲಾಸಿನ ಮಕ್ಕಳು ನಿಂತಿದ್ವು. ಒಬ್ಬಳು ಕೇಳ್ತಾಳೆ, 'ಸಾರ್, ಚಹಾ ಆಯ್ತಾ?' ಅಂತ!"

"ಆಗಿತ್ತಾ ಸಾರ್?"

"ಆಗಿರಲಿಲ್ಲ! ಅದು ಬೇರೆ ವಿಷಯ."

ಬೀಗದಮ್ಮ ಕುರ್ಚಿಯಿಂದ ಎದ್ದಳು. ಷರಾ ಪರದೆಗೆ ಬಂದುಬಿಟ್ಟಿದೆ. ಮೇಷ್ಟ್ರ ಚಹಾ ಹಾಳಾಗಲಿ. ಮೂರನೇ ತರಗತಿಯ ಎರಡು ಜಡೆಯ ಹುಡುಗಿ ಕಣ್ಣ ಮುಂದೆ ಬಂದಳು. ಅವಳ ಷರಾ ಹೀಗಿತ್ತು: 'ತಾಯಿ ಹಾಸಿಗೆ ಹಿಡಿದಿದ್ದಾಳೆ. ಬೆಳಗ್ಗೆ ಹಸಿದು ಬರುತ್ತಾಳೆ. ಹತ್ತು ಗಂಟೆಗೆ ಚಾಕ್‌ಪೀಸ್ ಎಣಿಸುವ ನೆಪದಲ್ಲಿ ಕಚೇರಿಗೆ ಕರೆದು ತಿನ್ನಿಸುವುದು. ಯಾರಿಗೂ ತಿಳಿಯಬಾರದು.' ಆ ತಾಯಿ ಕಷ್ಟಪಟ್ಟು ಶಾಲೆಯವರೆಗೂ ಬಂದು, ಗೋಡೆ ಹಿಡಿದು ನಿಂತು, "ಈ ಮಾತು ಈ ಕೋಣೆ ದಾಟಬಾರದು ತಾಯಿ, ಗೊತ್ತಾದ್ರೆ ನನ್ನ ಮಗಳು ನಾಳೆಯಿಂದ ಶಾಲೆಗೆ ಬರಲ್ಲ" ಎಂದಿದ್ದಳು. ಇನ್ನು ಇಪ್ಪತ್ತು ನಿಮಿಷಕ್ಕೆ ಊಟದ ಗಂಟೆ. ಅಡುಗೆಯಾಕೆಗೆ ದೃಷ್ಟಿ ಮಂದವೆಂದು ಅಲ್ಲಿನ ಪರದೆಯ ಅಕ್ಷರಗಳನ್ನು ಕುಂಬಳಕಾಯಿ ಗಾತ್ರಕ್ಕೆ ಏರಿಸಿದ್ದರು.

"ವೈರಪ್ಪಾ!"

ವೈರಪ್ಪ ಗ್ರಂಥಾಲಯದ ಮೇಜಿನ ಕೆಳಗಿನಿಂದ ತಲೆ ಜಜ್ಜಿಕೊಂಡು ಎದ್ದು ಬಂದ. ಪರದೆ ನೋಡಿ ಹಣೆ ಚಚ್ಚಿಕೊಂಡ.

"ಅಮ್ಮಾ, ಟಿಕ್ ಅಂದ್ರೆ ತೆರೆದಿದೆ ಅಂತ!"

"ಯಾವ ಊರಿನ ನ್ಯಾಯ ಅದು? ಟಿಕ್ ಅಂದ್ರೆ ಮುಚ್ಚಿದೆ ಅಂತ!"

"ಆಯ್ತಮ್ಮಾ, ನಂದೇ ತಪ್ಪು. ಪಾಸ್‌ವರ್ಡ್ ಹಾಕಿ ಬೇಗ."

ಪಾಸ್‌ವರ್ಡ್ ಬರೆದ ಚೀಟಿ ಬಿಸ್ಕತ್ತಿನ ಡಬ್ಬದಲ್ಲಿತ್ತು. ಡಬ್ಬ ಕಬ್ಬಿಣದ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಬೀರುವಿನಲ್ಲಿ, ಬೀರು ಒಳಕೋಣೆಯಲ್ಲಿ; ನಾಲ್ಕಕ್ಕೂ ಬೀಗ, ನಾಲ್ಕು ಕೀಲಿಯೂ ಆ ಹದಿನೇಳರಲ್ಲಿ. ಬೀಗದಮ್ಮ ಒಂದೊಂದೇ ತಿರುಗಿಸಿದಳು. ಸಿಟ್ಟು ಮರೆತ ಗಣಿತದ ಮೇಷ್ಟ್ರು ಪೆಟ್ಟಿಗೆ ಎತ್ತಿಕೊಟ್ಟರು. "ಹದಿನೇಳು ಕೀಲಿ, ನಾಲ್ಕು ಬೀಗ. ಸರಿಯಾದ ಸರದಿ ಸಿಗೋಕೆ ಐವತ್ತೇಳು ಸಾವಿರದ ನೂರ ಇಪ್ಪತ್ತು ದಾರಿ..."

"ಸಾರ್, ನೀವು ಹೋಗಿ ಚಹಾ ಕುಡೀರಿ," ಎಂದಳು ಬೀಗದಮ್ಮ.

ಕೊನೆಗೂ ಇಬ್ಬರ ಪಾಸ್‌ವರ್ಡೂ ಬಿತ್ತು. ಷರಾ ಮುಚ್ಚಿತು, ಹೆಸರು, ತರಗತಿ ತೆರೆದವು. ವೈರಪ್ಪ ತಲೆಯ ಬುಗುಟು ಸವರಿಕೊಳ್ಳುತ್ತಾ ಕೇಳಿದ, "ಅಡುಗೆಮನೆಗೆ ಇನ್ನೇನಾದ್ರೂ ತಿಳೀಬೇಕಾ ಅಮ್ಮಾ?"

ಬೀಗದಮ್ಮ ಯೋಚಿಸಿದಳು. "ಎರಡು ಜಡೆಯ ಹುಡುಗಿಗೆ ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಬಡಿಸೋದು ಅಂತ ಹಾಕು."

"ಕಾರಣ?"

"ಬಡಿಸೋ ಕೈಗೆ ಕಾರಣ ಯಾಕಪ್ಪಾ? ಯಾರಿಗೆ ಸೇರಬೇಕು ಅಂತ ಗೊತ್ತಿದ್ರೆ ಸಾಕಲ್ಲ."

ಒಂದು ಕ್ಷಣ ಎಲ್ಲಿಂದಲೋ ಅರಗಿನ ವಾಸನೆ ಬಂದಂತಾಯಿತು. ಅಷ್ಟರಲ್ಲಿ ವೈರಪ್ಪ ಗಂಟಲು ಸರಿಮಾಡಿಕೊಂಡ. "ಷರಾ ಮುಚ್ಚಿದ್ದೂ ಸೇರಿ ಇದೆಲ್ಲಾ ಅಡುಗೆಮನೆ ಪರದೆಗೆ ತಲುಪೋಕೆ ಹತ್ತು ನಿಮಿಷ ಬೇಕಮ್ಮಾ."

ಊಟದ ಗಂಟೆ ಹೊಡೆಯಿತು.

ಬೀಗದಮ್ಮ ಓಡಿದಳು. ಹದಿನೇಳು ಕೀಲಿಗಳು ಜಣಜಣ ಎನ್ನುವುದನ್ನು ಕೇಳಿ ಇಡೀ ಶಾಲೆ ಬೆಂಕಿ ಬಿತ್ತೆಂದುಕೊಂಡಿತು. ಅಡುಗೆಮನೆಯ ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತರೆ, ಸಾಲು ಆಗಲೇ ಮುಂದೆ ಸರಿಯತೊಡಗಿತ್ತು. ಪರದೆ ಕಾಣಲಿಲ್ಲ. ಅದರ ಮೇಲೆ ಪಾತ್ರೆ ಒರೆಸುವ ದೊಡ್ಡ ಒದ್ದೆ ಬಟ್ಟೆ ಜೋತುಬಿದ್ದಿತ್ತು.

"ಇದೇನೇ?" ಎಂದಳು ಬೀಗದಮ್ಮ.

"ಒಣಗಲಿ ಅಂತ ಹಾಕಿದೀನಕ್ಕಾ," ಎಂದಳು ಅಡುಗೆಯಾಕೆ, ಸೌಟು ನಿಲ್ಲಿಸದೆ. "ಈಗ ಮೊದಲನೇ ಮಗು ಕಾರ್ಡ್ ತೋರಿಸಿದಾಗ ಅದೇನೋ ಮನೆ ಮಾತು ಬಂತು. ಮಕ್ಕಳ ಮನೆ ಮಾತು ನನ್ನ ಗೋಡೆ ಮೇಲೆ ಯಾಕೆ?"

"ಹಾಗಾದ್ರೆ ಓದಿದೆಯಾ?"

"ನಾನೆಲ್ಲಿ ಓದ್ಲಿ? ಕನ್ನಡಕ ಮನೇಲಿ ಮರೆತು ಬಂದಿದೀನಿ."

ಕನ್ನಡಕ ಅವಳ ಕೊರಳಲ್ಲೇ ದಾರಕ್ಕೆ ತೂಗುತ್ತಿತ್ತು. ಬೀಗದಮ್ಮ ಅದನ್ನು ನೋಡಿದಳು.

ಎರಡು ಜಡೆಯ ಹುಡುಗಿ ಸಾಲಿನಲ್ಲಿ ಮುಂದೆ ಬಂದಳು. ಬೀಗದಮ್ಮನನ್ನು ಕಂಡು ಪಿಸುಗುಟ್ಟಿದಳು, "ಅಜ್ಜೀ, ನಾಳೆನೂ ಚಾಕ್‌ಪೀಸ್ ಎಣಿಸೋಕೆ ಬರ್ಲಾ?"

"ಬಾ ಮಗಾ. ಎಣಿಸಿ ಮುಗಿಯೋ ಅಂಥವಲ್ಲ ಅವು."

ಹುಡುಗಿ ತುಂಬಿದ ತಟ್ಟೆ ಹಿಡಿದು ಗೆಳತಿಯರ ನಡುವೆ ಕೂತಳು. ಯಾರೂ ಅವಳತ್ತ ತಿರುಗಿ ನೋಡಲಿಲ್ಲ. ಬೀಗದಮ್ಮನಿಗೆ ಬೇಕಾಗಿದ್ದೂ ಅಷ್ಟೇ. ಅವಳು ಅಲ್ಲೇ ಗೋಡೆಗೆ ಒರಗಿದಳು. ಹೊಟ್ಟೆ ಹಸಿವಿನಿಂದ ಗುರ್ರೆಂದಿತು.

ತಿಂಗಳಿಂದ ಬೀಗದಮ್ಮನ ಊಟದ ಡಬ್ಬಿ ಬೆಳಗ್ಗೆ ಹನ್ನೊಂದಕ್ಕೇ ಖಾಲಿಯಾಗಿ ತೊಳೆಯುವ ತೊಟ್ಟಿಗೆ ಬರುತ್ತಿತ್ತು. ಅದನ್ನು ತೊಳೆಯುವವಳು ಅಡುಗೆಯಾಕೆಯೇ.

ಸಾಲು ಮುಗಿಯಿತು. ಅಡುಗೆಯಾಕೆ ಸೌಟು ಕೆಳಗಿಟ್ಟು, ಒಲೆಯ ಪಕ್ಕ ಬೆಚ್ಚಗೆ ಮುಚ್ಚಿಟ್ಟಿದ್ದ ತಟ್ಟೆಯೊಂದನ್ನು ಸೆರಗಿನಲ್ಲಿ ಹಿಡಿದು ತಂದಳು. ಮುಚ್ಚಳ ತೆಗೆಯದೆ ಬೀಗದಮ್ಮನ ಕೈಯಲ್ಲಿ ಇಟ್ಟಳು.