ಗೋಡೆಗೆ ಒತ್ತಿದ ಹಳಿ

ಮಂಚಕ್ಕೂ ಕಿಟಕಿಯ ಗೋಡೆಗೂ ನಡುವೆ ಒಂದು ಮೇಜು ಹಿಡಿಯುವಷ್ಟು ಜಾಗವಿತ್ತು. ಅಷ್ಟರಲ್ಲೇ ಆಟದ ರೈಲೊಂದನ್ನು ಓಡಿಸುತ್ತೇನೆಂದು ಟೈಲರ್ ಹಟ ಹಿಡಿದಿದ್ದ. ಹಳಿ ಹಾಸಲೆಂದು ತಂದ ಹಲಗೆಯೇ ಮೊದಲು ಕೈಕೊಟ್ಟಿತು. ಬಟ್ಟೆ ಕತ್ತರಿಸುವ ರೂಢಿಯಲ್ಲಿ ಹಲಗೆಗೂ ಹೊಲಿಗೆಗೆಂದು ಸುತ್ತ ಒಂದು ಬೆರಳು ಹೆಚ್ಚು ಬಿಟ್ಟು ಕೊಯ್ದಿದ್ದ. ಅದು ಜಪ್ಪಯ್ಯ ಅಂದರೂ ಜಾಗದಲ್ಲಿ ಕೂರಲಿಲ್ಲ.

“ಯಾಕ್ರೀ, ಹಲಗೇನೂ ಮಡಚಿ ಹೊಲೀತೀರಾ?” ಎಂದು ಹೆಂಡತಿ ಬಿದ್ದುಬಿದ್ದು ನಕ್ಕಳು.

ಟೈಲರ್‌ಗೆ ರೇಗಿತು. ಹೆಚ್ಚಿದ್ದನ್ನೆಲ್ಲ ಗರಗಸದಲ್ಲಿ ಕೊಯ್ದು ಹಲಗೆಯನ್ನು ಕೂರಿಸಿದ. ಇನ್ನು ಕೂದಲೆಳೆಯಷ್ಟೂ ಜಾಗ ದಂಡವಾಗಬಾರದೆಂದು ಹಳಿಯನ್ನು ಅಂಚಿಗೇ, ಗೋಡೆಗೆ ಒತ್ತಿ ಹಾಸಿದ. ತಿರುವಿನ ಒಳಮಗ್ಗುಲಿಗೆ ಹೆಂಡತಿ ತಾನೇ ರಟ್ಟಿನಲ್ಲಿ ಮಾಡಿದ ಸ್ಟೇಷನ್ನನ್ನು ಅಂಟಿಸಿದಳು.

ನೇರ ದಾರಿಯಲ್ಲಿ ರೈಲು ಚೆನ್ನಾಗಿಯೇ ಓಡಿತು. ತಿರುವಿಗೆ ಬಂದದ್ದೇ ಉದ್ದನೆಯ ಬೋಗಿಯ ಮೂಲೆ ಹೊರಗೆ ಚಾಚಿ, ಗೋಡೆಗೆ ಉಜ್ಜಿ, ಇಡೀ ರೈಲು ಮಗುಚಿಕೊಂಡಿತು.

“ಹಾಳಾದ್ದು! ಅಳತೆ ಸರಿಯಾಗೇ ಇದೆಯಲ್ಲ!”

“ಮೈಯಳತೆಗೇ ಅಂಗಿ ಹೊಲಿದ್ರೆ ಕೈ ಎತ್ತೋಕಾಗಲ್ಲ ಅಂತ ಗಿರಾಕಿಗಳಿಗೆ ದಿನಾ ಹೇಳೋರು ನೀವೇ ತಾನೆ? ರೈಲಿಗೂ ಒಂಚೂರು ಸಡಿಲ ಬಿಡಿ,” ಎಂದಳು ಹೆಂಡತಿ, ನಗುತ್ತಲೇ.

ಟೈಲರ್ ಸೀಮೆಸುಣ್ಣ ಕೈಗೆತ್ತಿಕೊಂಡ. ಎರಡು ಬೆರಳು ಒಳಗೆ ಹೊಸ ದಾರಿಯ ಗೆರೆ ಎಳೆಯುತ್ತ ಬಂದವನು ಅವಳ ಸ್ಟೇಷನ್ನಿನ ಗೋಡೆಗೆ ಮುಟ್ಟಿ ನಿಂತ. ಗೆರೆ ನೇರ ಟಿಕೆಟ್ ಕಿಟಕಿಯ ಒಳಗೇ ಹೋಗಬೇಕಿತ್ತು. ತಲೆಯೆತ್ತಿ ಹೆಂಡತಿಯ ಮುಖ ನೋಡಿದ.

ಅವಳ ನಗು ಅಲ್ಲಿಗೇ ನಿಂತಿತು.

“ಒಂಚೂರು ಬಿಗಿ ಇದ್ರೂ ನಡಿಯುತ್ತೆ ಬಿಡಿ,” ಎಂದಳು.