ನಾಗೇಂದ್ರ ಹುಟ್ಟಿಸಿದ ಅವ್ವ

ನಾಗೇಂದ್ರನಿಗೆ ಹೆಂಗಸರೆಂದರೆ ಇಷ್ಟ. ಅದರಲ್ಲೂ ಕಟ್ಟಿಕೊಂಡ ಹೆಂಡತಿಯೇ ಇಷ್ಟ. ಲೋಕದಲ್ಲಿ ಯಾರೂ ಮುಚ್ಚಿಡಬೇಕಾದ ಸಂಗತಿಯಲ್ಲ ಇದು. ಆದರೆ ಸಾಗರದ ಭವ್ಯಾಳ ಟೈಲರಿಂಗ್ ಅಂಗಡಿಯ ಮಹಡಿಯಲ್ಲಿ ಭಾನುವಾರ ಸೇರುವ ಗುಂಪಿನ ಮುಂದೆ ಇದನ್ನು ಹೇಗೆ ಬಾಯಿಬಿಡುವುದೆಂದು ತಿಳಿಯದೆ ಅವನು ಅರ್ಧ ಮಳೆಗಾಲ ಕಳೆದಿದ್ದ.

ಅವನ ಕಸುಬು ಯಕ್ಷಗಾನದ ಸ್ತ್ರೀವೇಷ. ಹೊಸನಗರದ ಕಡೆಯವನು. ಮೀಸೆ ಯಾವತ್ತೂ ಬಿಟ್ಟವನಲ್ಲ, ಹುಬ್ಬು ತಿದ್ದಿಸಿಕೊಂಡವನು. ರಾಣಿಯಾಗಿ ಮೆರೆದು ಮೆರೆದು ಕೈ ಎಷ್ಟು ಪಳಗಿತ್ತೆಂದರೆ, ಸಂತೆಯಲ್ಲಿ ಒಣಮೀನು ಚೌಕಾಸಿ ಮಾಡುವಾಗಲೂ ಬೆರಳು ಬಳುಕುತ್ತಿದ್ದವು. ಬಸ್ಸಿನಲ್ಲಿ ಯಾರಾದರೊಬ್ಬರು "ಎಂತ ಮಾರಾಯ್ತಿ, ಒಬ್ಳೇ ಹೊರಟ್ಯಾ?" ಎನ್ನುವುದು, ಬಸ್ಸೆಲ್ಲ ನಗುವುದು, ನಗದಿದ್ದರೆ ಇನ್ನೂ ಹೆಚ್ಚಾಗುತ್ತದೆಂದು ಅವನೂ ನಗುವುದು. ಹೀಗೆ ವರ್ಷಗಳು ನಡೆದಿದ್ದವು.

ಭವ್ಯಾ ಗಂಡಾಗಿ ಹುಟ್ಟಿ, ಬಹಳ ಹಿಂದೆಯೇ ಹೆಣ್ಣಾಗಿ ಬಾಳಲು ಶುರು ಮಾಡಿದವಳು. ಯಕ್ಷಗಾನ ಮೇಳದ ರವಿಕೆಗಳನ್ನು ಅವಳಷ್ಟು ಚೆನ್ನಾಗಿ ಹೊಲಿಯುವವರು ಸುತ್ತಮುತ್ತ ಇಲ್ಲ. ಅಳತೆ ಕೊಡಲು ಬಂದ ನಾಗೇಂದ್ರನನ್ನು ಒಂದು ಭಾನುವಾರ ಅವಳೇ ಮೇಲಕ್ಕೆ ಕರೆದು ಚಹಾ ಕೊಟ್ಟಳು. ಅಲ್ಲಿ ಗಂಡಸರ ಮೇಲೆ ಮನಸ್ಸಿದ್ದ ಗಂಡಸರಿದ್ದರು, ಹೆಂಗಸರ ಮೇಲೆ ಮನಸ್ಸಿದ್ದ ಹೆಂಗಸರಿದ್ದರು, ಭವ್ಯಾಳಂಥವರೂ ಇದ್ದರು. ಇವನ ಹುಬ್ಬು ನೋಡಿದರು, ಚಹಾ ಲೋಟ ಹಿಡಿದ ಕೈ ನೋಡಿದರು, ಜಾಗ ಬಿಟ್ಟು ಕೂರಿಸಿಕೊಂಡರು. ಯಾರೂ ಏನೂ ಕೇಳಲಿಲ್ಲ.

ಮೊದಲ ಸಲ ಹೇಳುವ ಸಂದರ್ಭ ಬರಲಿಲ್ಲ. ಎರಡನೇ ಸಲ ಬಂತು, ಅಷ್ಟರಲ್ಲಿ ಮಂಡಕ್ಕಿ ಬಂತು. ಆಮೇಲೆ ಹೇಳಲು ಮನಸ್ಸೇ ಆಗಲಿಲ್ಲ. ಕಾರಣ ಇಷ್ಟೇ: ಆ ಮಹಡಿಯಲ್ಲಿ ಅವನ ಕೈ ಬಳುಕಿದಾಗ ಯಾರೂ ನಗುತ್ತಿರಲಿಲ್ಲ. ಕುಣಿದರೂ ಬಿಚ್ಚದಂತೆ ಸೀರೆ ಉಡುವುದನ್ನು ಅವರಿಗೆಲ್ಲ ಕಲಿಸಿದ. ಭಾನುವಾರ ಬಂತೆಂದರೆ ಬೆಳಿಗ್ಗೆಯೇ ಎದ್ದು ಕ್ಷೌರ ಮಾಡಿಕೊಂಡು ಹೊರಡುತ್ತಿದ್ದ.

ಅವನ ಹೆಂಡತಿ ಸುಚಿತ್ರಾ ಅಂಗನವಾಡಿ ಟೀಚರು, ಮಕ್ಕಳು ಬಾಯಿಬಿಡುವ ಮೊದಲೇ ಹೊಟ್ಟೆಯೊಳಗಿನ ಮಾತು ಗೊತ್ತಾಗುವ ಹೆಂಗಸು. "ನೀನು ಗಂಡ ಅಂತ ಹೇಳಕ್ಕೆ ಅಲ್ಲಿ ಹೆದರ್ತೀಯ. ಹೆಂಗ್ಸಲ್ಲ ಅಂತ ಹೇಳಕ್ಕೆ ಬಸ್ಸಲ್ಲಿ ಹೆದರ್ತೀಯ. ಮನೇಲಾದ್ರೂ ಯಾರು ಅಂತ ಹೇಳಿ ಊಟಕ್ಕೆ ಕೂರು" ಎಂದಳು.

ಅನಾಹುತವಾದದ್ದು ಆಷಾಢದಲ್ಲಿ. ಆ ದಿನ ಭವ್ಯಾ ಎಲ್ಲರನ್ನೂ ಚಾಪೆಯ ಮೇಲೆ ಸುತ್ತ ಕೂರಿಸಿ, ಮನೆಯಲ್ಲಿ ತಮ್ಮ ವಿಷಯ ಹೇಳಿದ್ದು ಹೇಗೆ ಎಂದು ಒಬ್ಬೊಬ್ಬರೂ ಹೇಳಬೇಕೆಂದಳು. ನಾಗೇಂದ್ರನ ಕೆಲಸ ಕೆಡಲು ಆ ಚಾಪೆಯೇ ಸಾಕಾಯಿತು. ಮಳೆಗಾಲದಲ್ಲಿ ಮೇಳ ಇರುವುದಿಲ್ಲ, ಕಲಾವಿದರು ತಾಳಮದ್ದಳೆಗೆ ಹೋಗುತ್ತಾರೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಚಾಪೆಯ ಮೇಲೆ ಎದುರುಬದುರು ಕೂತು ಪಾತ್ರದ ಮಾತನ್ನು ಅಲ್ಲೇ ಹುಟ್ಟಿಸಿ ಆಡಬೇಕು. ಎದುರಿನವನು ಪ್ರಶ್ನೆ ಹಾಕಿದಾಗ ತಡವರಿಸಿದವನ ಕಥೆ ಮುಗಿಯಿತು. ನಾಗೇಂದ್ರ ಆ ವಾರ ನಾಲ್ಕೂರು ಸುತ್ತಿ ಮಾತಾಡಿ ಬಂದಿದ್ದ. ಬಾಯಿ ಇನ್ನೂ ಬಿಸಿಯಾಗಿತ್ತು.

"ನಾಗೇಂದ್ರ, ನಿಮ್ಮವ್ವಂಗೆ ಹೆಂಗೆ ಹೇಳಿದ್ರಿ?" ಎಂದಳು ಭವ್ಯಾ.

ಪ್ರಶ್ನೆ ಬಿತ್ತು. ಬಾಯಿ ತಾನಾಗಿ ತೆರೆಯಿತು.

ಅವ್ವ ಜಗುಲಿಯಲ್ಲಿ ಅಕ್ಕಿ ಕೇರುತ್ತಿದ್ದಳು ಎಂದ. ತಾನು ಬಾಗಿಲಿಗೆ ಒರಗಿ ನಿಂತು, ನನಗೆ ಹುಡುಗಿಯರು ಬೇಡವ್ವಾ, ನನ್ನ ಮನಸ್ಸು ಬೇರೆ ಕಡೆ ಎಂದೆನೆಂದ. ಮೊರ ನಿಂತಿತು ಎಂದು ಹೇಳಿ, ಮೊರ ನಿಂತಷ್ಟೇ ಹೊತ್ತು ತಾನೂ ಮಾತು ನಿಲ್ಲಿಸಿದ. ಆಮೇಲೆ ಅವ್ವನ ದನಿಯಲ್ಲೇ ಹೇಳಿದ: "ಕೈ ತೊಳ್ಕೊಂಡು ಬಾ. ಹಸ್ದು ಆಡೋ ಮಾತಲ್ಲ ಅದು. ಉಂಡ್ಮೇಲೂ ನೀನು ನನ್ನ ಮಗನೇ."

ಮಹಡಿಯೆಲ್ಲ ಅತ್ತಿತು. ಭವ್ಯಾ ಕೊರಳಲ್ಲಿದ್ದ ಅಳತೆ ಟೇಪಿನಲ್ಲೇ ಕಣ್ಣೊರೆಸಿಕೊಂಡಳು. ತೀರ್ಥಹಳ್ಳಿಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದ ಶ್ರೀಕರ ಭಟ್ಟ ಕನ್ನಡಕ ತೆಗೆದು, "ಎಂತ ಅಮ್ಮ ಮಾರಾಯ! ಎನ್ನ ಅಮ್ಮಂಗೆ ಇನ್ನೂ ಗೊತ್ತೇ ಇಲ್ಲೆ" ಎಂದ. ನಾಗೇಂದ್ರನಿಗೂ ಕಣ್ಣು ತುಂಬಿತ್ತು, ಮಾತು ಚೆನ್ನಾಗಿ ಬಂದಾಗ ಹಾಗಾಗುವುದುಂಟು. ತಾನು ಏನು ಮಾಡಿದೆನೆಂದು ಹೊಳೆದದ್ದು ವಾಪಸ್ಸು ಬರುವ ಬಸ್ಸಿನಲ್ಲಿ.

ಮುಂದಿನ ಭಾನುವಾರ ಸತ್ಯ ಹೇಳಿಬಿಡುವುದೆಂದು ಹೋದ. ಅಷ್ಟರಲ್ಲಿ ಗುಂಪಿನವರು ತಮ್ಮ ಮೊದಲ ಬಹಿರಂಗ ಕಾರ್ಯಕ್ರಮ ನಿಶ್ಚಯಿಸಿದ್ದರು: ಹಾಡು, ಕುಣಿತ, ಕೊನೆಗೆ ನಾಗೇಂದ್ರನ ರಾಣಿವೇಷ. ಸಾಗರದಲ್ಲಿ ಬೇಡ, ಎಲ್ಲ ಗುರುತಿನವರೇ. ತೀರ್ಥಹಳ್ಳಿಯಲ್ಲಿ ಮಾಡೋಣ, ಅಲ್ಲಿ ನಾವು ಯಾರಿಗೂ ಗೊತ್ತಿಲ್ಲ ಎಂದು ತೀರ್ಮಾನವಾಯಿತು. "ಅಲ್ಲಿ ಎನ್ನ ಎಲ್ಲರಿಗೂ ಗೊತ್ತಿದ್ದು" ಎಂದ ಶ್ರೀಕರ. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇಂಥ ಸಂಭ್ರಮದ ನಡುವೆ ತನ್ನ ಸಂಸಾರದ ವಿಷಯ ಎತ್ತುವುದು ನಾಗೇಂದ್ರನಿಗೆ ಸರಿಕಾಣಲಿಲ್ಲ. ಹಾಗಂತ ತನಗೆ ತಾನೇ ಹೇಳಿಕೊಂಡ.

ಅದೇ ವಾರ ಫೋನಿನ ಗುಂಪಿಗೆ ಹರ್ಷವರ್ಧನನ ಸಂದೇಶ ಬಂತು. ಬ್ಯಾಕೋಡಿನ ಹುಡುಗ, ಸಾಗರದಲ್ಲಿ ಮೊಬೈಲ್ ರಿಪೇರಿ ಮಾಡುವವನು. ಗುಂಪಿನಲ್ಲಿ ಬಾಯಿಬಿಡುತ್ತಿದ್ದುದೇ ಅಪರೂಪ. "ಊರಿಗೆ ಹೋಗಿ ಅವ್ವಂಗೆ ಹೇಳ್ದೆ. ಮೊದ್ಲು ನಾಗೇಂದ್ರಣ್ಣನ ಕಥೆ ಹೇಳ್ದೆ, ಆಮೇಲೆ ನಂದು. ಅವ್ವನೂ ಕೈ ತೊಳ್ಕೊಂಡು ಬಾ ಅಂದ್ಲು."

ಗುಂಪಿನಲ್ಲಿ ಹೂವು, ಹೃದಯ, ಚಪ್ಪಾಳೆಗಳ ಮಳೆ. ನಾಗೇಂದ್ರ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. ಇಷ್ಟು ದಿನ ತನ್ನ ಕೂರುವ ಜಾಗ ಹೋದೀತೆಂದು ಹೆದರಿದ್ದ. ಈಗ ಒಬ್ಬ ಹುಡುಗ ನಾಗೇಂದ್ರ ಹೇಳಿದ ಸುಳ್ಳಿನ ಮೇಲೆ ಕಾಲಿಟ್ಟು ಹೊಳೆ ದಾಟಿದ್ದ. ಆ ಸುಳ್ಳು ಕೆಳಗಿಂದ ಜಾರಿದರೆ ಮನೆಯೇ ಹೋಗುವುದು ಆ ಹುಡುಗನದು.

"ಈ ಭಾನುವಾರ ಹೇಳ್ದೆ ಇದ್ರೆ ನಾನೇ ಬಂದು ಹೇಳ್ತೀನಿ" ಎಂದಳು ಸುಚಿತ್ರಾ.

ಭಾನುವಾರ ಅವನು ಮೆಟ್ಟಿಲು ಹತ್ತಿ ಹೋದರೆ, ಚಾಪೆಯ ಮೇಲೆ ಹರ್ಷನ ಪಕ್ಕ ಒಬ್ಬ ಹೆಂಗಸು ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹರ್ಷನ ತಾಯಿ ಕೆರಿಯಮ್ಮ.

"ಹಿನ್ನೀರು ದಾಟ್ಸೋ ಲಾಂಚಿಗೆ ಕಾಯ್ಬೇಕಾಗಿದ್ದಿದ್ರೆ ದಡದಲ್ಲಿ ಕೂತು ಕೂತು ಮನ್ಸು ಬದ್ಲಾಗಿ ಮನೆಗೆ ಹೋಗ್ತಿದ್ದೆ" ಎಂದಳು ಅವಳು. "ಈಗ ಸೇತುವೆ ಆಗಿದೆ ನೋಡಿ. ಬಸ್ಸು ತಂದು ಬಿಟ್ಟೇಬಿಡ್ತು. ನಾಗೇಂದ್ರಣ್ಣ ಅಂದ್ರೆ ನೀವೇಯ?"

"ಹೌದು."

"ಇವ್ನು ಹಂಗಂದಾಗ ನಂಗೆ ಎಂತ ಹೇಳ್ಬೇಕು ಗೊತ್ತಾಗ್ಲಿಲ್ಲ. ನಿಮ್ಮವ್ವ ಅಂದಿದ್ದನ್ನೇ ಅಂದೆ. ಇವ್ನು ಕೈ ತೊಳ್ದ, ಉಂಡ, ಮಲಗ್ದ. ಆಮೇಲಿಂದು ನಂಗೆ ಗೊತ್ತಿಲ್ವಲ್ಲ? ಅಕ್ಕಪಕ್ಕದೋರು ಮದ್ವೆ ಯಾವಾಗ ಅಂತಾರೆ, ಎಂತ ಅನ್ನದು? ರಾತ್ರಿ ಅಳು ಬರುತ್ತೆ, ಅವ್ನ ಎದುರು ಅಳ್ಬೋದಾ ಬೇಡ್ವಾ? ಇದನ್ನೆಲ್ಲ ಯಾರನ್ನ ಕೇಳದು? ಊರಲ್ಲಿ ಕೇಳಕ್ಕಾಗುತ್ತಾ? ನಿಮ್ಮವ್ವನ ನಂಬರ್ ಕೊಡಿ."

ಎಲ್ಲರೂ ನಾಗೇಂದ್ರನ ಮುಖ ನೋಡಿದರು. ಚಾಪೆಯೂ ಇತ್ತು, ಪ್ರಶ್ನೆಯೂ ಬಿದ್ದಿತ್ತು. ತಾನು ಹುಟ್ಟಿಸಿದ ಅವ್ವನ ದನಿ ಅವನ ಗಂಟಲಲ್ಲಿ ಸಿದ್ಧವಾಗಿ ನಿಂತಿತ್ತು. ಅಕ್ಕಪಕ್ಕದವರಿಗೆ ಏನು ಹೇಳಬೇಕು, ಎಲ್ಲಿ ಕೂತು ಅಳಬೇಕು, ಎಲ್ಲಕ್ಕೂ ಸೊಗಸಾದ ಉತ್ತರ ಅವಳ ಹತ್ತಿರವಿತ್ತು. "ನಮ್ಮವ್ವ ಎಂತ ಅಂದ್ಲು ಅಂದ್ರೆ" ಎಂದು ಶುರುವೂ ಮಾಡಿದ.

ಕೆರಿಯಮ್ಮ ಮುಂದಕ್ಕೆ ಬಾಗಿದಳು. ನಾಗೇಂದ್ರ ಕಸುಬಿಗೆ ಬಂದಲ್ಲಿಂದ ಮೊದಲ ಬಾರಿಗೆ ತಡವರಿಸಿದ.

"ಅಂಥ ಅವ್ವ ಇಲ್ಲ" ಎಂದ. "ಅದೆಲ್ಲ ಇಲ್ಲೇ ಕೂತು ಹುಟ್ಸಿದ್ದು. ಕೇಳಿದ್ರಲ್ಲ, ಬಾಯಿಗೆ ಬಂದುಬಿಡ್ತು. ನಂಗೆ ಹೆಂಡ್ತಿ ಇದಾಳೆ, ಮಗಳಿದಾಳೆ. ಗಂಡಸ್ರ ಮೇಲೆ ನಂಗೆ ಯಾವತ್ತೂ ಮನ್ಸಾಗಿಲ್ಲ. ನಮ್ಮವ್ವ ಊರಲ್ಲಿದಾಳೆ. ನನ್ನ ವೇಷನ ಒಂದ್ಸಲನೂ ನೋಡಿಲ್ಲ. ಊರಲ್ಲಿ ಮೇಳದ ಆಟ ಅಂದ್ರೆ ಚೀಲ ತಗೊಂಡು ತಂಗಿ ಮನೆಗೆ ಹೋಗ್ತಾಳೆ."

ಕೆಳಗೆ ರಸ್ತೆಯಲ್ಲಿ ಗ್ಯಾಸ್ ಸಿಲಿಂಡರಿನ ಗಾಡಿ ಹೋಯಿತು.

ಮೊದಲು ಮಾತಾಡಿದವನು ಶ್ರೀಕರ. "ಪಾಂಪ್ಲೆಟಲ್ಲಿ ‘ನಮ್ಮವರೇ ಆದ ನಾಗೇಂದ್ರ’ ಹೇಳಿ ಅಚ್ಚಾಯ್ದು" ಎಂದ. ಭವ್ಯಾ ಅವನ ತೊಡೆಗೆ ಚಿವುಟಿದಳು.

ಹರ್ಷ ಎದ್ದು ನಿಂತಿದ್ದ. "ನೀವು ಸೀರೆ ಬಿಚ್ಚಿಟ್ಟು ಮನೆಗೆ ಹೋಗ್ತೀರಿ. ಹೆಂಡ್ತಿ ಬಡಿಸ್ತಾಳೆ, ಉಣ್ತೀರಿ. ನಾನು ಬಿಚ್ಚಿಡದು ಎಂತನ್ನ?"

ಹುಡುಗ ಹೇಳಿದ್ದು ನೂರಕ್ಕೆ ನೂರು ನಿಜವಾಗಿತ್ತು. ನಾಗೇಂದ್ರನಿಗೆ ನಾಚಿಕೆಯಾಯಿತು. ಬಸ್ಸಿನಲ್ಲಿ ಜನ ನಕ್ಕಾಗ ಆಗುವ ನಾಚಿಕೆಯೇ ಬೇರೆ. ಇದು ಅವನು ಕೈಯಾರೆ ಮಾಡಿಕೊಂಡದ್ದು.

ಕೆರಿಯಮ್ಮ ಚೀಲದ ಹಿಡಿಯನ್ನು ತಿರುಚುತ್ತ ಕೂತಿದ್ದಳು. "ಅಂದ್ರೆ, ಮಗ ಬಂದು ಹಿಂಗಿಂಗೆ ಅಂದಾಗ ಕೈ ತೊಳ್ಕೊಂಡು ಬಾ ಅಂದ ತಾಯಿ ಎಲ್ಲೂ ಇಲ್ಲ?"

"ಇಲ್ಲ ಕೆರಿಯಮ್ಮ. ತಪ್ಪಾಯ್ತು."

"ಇಲ್ಲ ಅಂದ್ರೆ ಹೆಂಗೆ?" ಎಂದಳು ಕೆರಿಯಮ್ಮ. "ನಾ ಅಂದ್ನಲ್ಲ."

ಹರ್ಷ ತಾಯಿಯನ್ನೇ ನೋಡಿದ. ಆಮೇಲೆ ಕೂತುಕೊಂಡ. ಭವ್ಯಾ ಮುಖ ತಿರುಗಿಸಿ ಕಿಟಕಿಯ ಕಡೆ ನೋಡಿದಳು. ಅವಳ ತಾಯಿ ಇದೇ ಸಾಗರದಲ್ಲಿ, ಎರಡು ಬೀದಿ ಆಚೆಗಿದ್ದಳು, ಎದುರು ಸಿಕ್ಕರೆ ರಸ್ತೆ ದಾಟಿ ಹೋಗುತ್ತಿದ್ದಳು.

"ಇರ್ಲಿ, ಇರೋ ಅವ್ವಂಗೇ ಫೋನ್ ಹಚ್ಚಿ" ಎಂದಳು ಕೆರಿಯಮ್ಮ ನಾಗೇಂದ್ರನಿಗೆ. "ಬಸ್ ಚಾರ್ಜ್ ಕೊಟ್ಟು ಬಂದಿದೀನಿ."

ಬೇಡವೆನ್ನುವ ಯೋಗ್ಯತೆ ಅವನಿಗೆ ಉಳಿದಿರಲಿಲ್ಲ. ಹಚ್ಚಿ ಕೊಟ್ಟ. ಕೆರಿಯಮ್ಮನ ಲೆಕ್ಕದಲ್ಲಿ ಫೋನೆಂದರೆ ಸ್ಪೀಕರ್ ಹಾಕಿಕೊಂಡು, ಅಂಗೈಯಲ್ಲಿ ರೊಟ್ಟಿಯಂತೆ ಹಿಡಿದುಕೊಂಡು ಮಾತಾಡುವ ಸಾಮಾನು.

"ಅಕ್ಕಾ, ನಾನು ಬ್ಯಾಕೋಡಿನ ಕೆರಿಯಮ್ಮ. ನಿಮ್ಮ ಮಗ ಇಲ್ಲೇ ಇದಾನೆ."

"ಅಯ್ಯೋ, ಎಂತ ಆತು ಅವ್ನಿಗೆ?"

"ಎಂತೂ ಆಗಿಲ್ಲ. ನನ್ನ ಮಗನ ವಿಷ್ಯ. ಅವ್ನಿಗೆ ಹುಡ್ಗಿ ಬೇಡಂತೆ, ಗಂಡುಡುಗ್ರ ಮೇಲೇ ಮನ್ಸಂತೆ. ನಿಮ್ಮ ಮಗ ಸೀರೆ ಉಡ್ತಾನಂತಲ್ಲ. ನೀವು ಹೆಂಗೆ ತಡ್ಕೊಂಡ್ರಿ, ಕೇಳಣ ಅಂತ."

ಆಚೆ ಕಡೆ ಅವ್ವ ಕೋಳಿಯನ್ನು ಹುಶ್ ಎಂದು ಓಡಿಸಿದಳು. ಆಮೇಲೆ ಹೇಳಿದಳು: "ನಾನೆಲ್ಲಿ ತಡ್ಕೊಂಡೆ ತಂಗಿ? ಆಟ ಅಂದ್ರೆ ಎದ್ದು ಹೋಗ್ತೀನಿ."

"ಮಗನ್ನ ನೋಡಕ್ಕೆ ನಾಚ್ಕೆಯಾ?"

"ಅವ್ನನ್ನ ನೋಡಕ್ಕೆ ನಂಗೆಂತ ನಾಚ್ಕೆ? ಹಿಂದೆ ಕೂತು ಜನ ನಗ್ತಾರಲ್ಲ, ಅದು ಕೇಳಕ್ಕಾಗಲ್ಲ. ಎದ್ದು ಎರಡು ಬಾರ್ಸಣ ಅನ್ಸುತ್ತೆ. ಒಬ್ಳೇ ಹೆಂಗ್ಸು, ಹಂಗೆ ಮಾಡಕ್ಕಾಗುತ್ತಾ? ಅದ್ಕೇ ತಂಗಿ ಮನೆಗೆ ಹೋಗದು."

ನಾಗೇಂದ್ರ ಗೋಡೆಯ ಕಡೆ ತಿರುಗಿದ. ಇಷ್ಟು ವರ್ಷ ಅವ್ವನ ಬಗ್ಗೆ ಒಂದು ಅರ್ಥ ಹಚ್ಚಿಕೊಂಡು ಅದನ್ನೇ ನಂಬಿ ಕೂತಿದ್ದ. ಒಂದು ಸಲವೂ ಅವಳನ್ನು ಕೇಳಿರಲಿಲ್ಲ. ಅವನು ಅತ್ತ. ಈ ಸಲದ ಅಳು ಮಾತಿನ ಚೆಂದಕ್ಕೆ ಬಂದದ್ದಲ್ಲ, ಮೂಗೆಲ್ಲ ಸೋರುವ ಅಳು.

"ನಂಗೂ ಅದೇ ಹೆದ್ರಿಕೆ ಅಕ್ಕಾ" ಎಂದಳು ಕೆರಿಯಮ್ಮ. ಫೋನನ್ನು ಹಿಡಿದುಕೊಂಡೇ ಬಾಲ್ಕನಿಗೆ ಹೋದಳು. ಚಾರ್ಜ್ ಮುಗಿಯುವ ತನಕ ಇಬ್ಬರೂ ಮಾತಾಡಿದರು.

ನಾಗೇಂದ್ರನನ್ನು ಏನು ಮಾಡುವುದೆಂದು ಅವನೆದುರೇ ಚರ್ಚೆಯಾಯಿತು. ಬರುವುದೇ ಬೇಡ ಎಂದರು ಇಬ್ಬರು. ಸೀರೆ ಉಡಿಸುವವರು ಬೇರೆ ಯಾರಿದ್ದಾರೆ ಎಂದರು ಮೂವರು. ಕೊನೆಗೆ ಭವ್ಯಾ ಹೇಳಿದಳು: "ಬರ್ಲಿ. ಆದ್ರೆ ಚಾಪೆ ಮೇಲೆ ಕೂತಾಗ ಬಾಯಿ ಬಿಡಂಗಿಲ್ಲ. ನಾವು ಮಾತಾಡೋದು ಕೇಳ್ಬೇಕು." ಕಲಾವಿದನಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ನಾಗೇಂದ್ರ ಒಪ್ಪಿದ. ಹರ್ಷ ಒಪ್ಪಿದನೋ ಇಲ್ಲವೋ ಹೇಳಲಿಲ್ಲ. ಮುಂದಿನ ವಾರಗಳಲ್ಲಿ ನಾಗೇಂದ್ರನ ಜೊತೆ ಒಂದು ಮಾತೂ ಆಡಲಿಲ್ಲ.

ತೀರ್ಥಹಳ್ಳಿಯ ಸಭಾಭವನ ಕಾರ್ಯಕ್ರಮದ ದಿನ ಮುಕ್ಕಾಲು ತುಂಬಿತು. ಹೆಚ್ಚಿನವರು ಶ್ರೀಕರನ ಅಂಗಡಿಯ ಗಿರಾಕಿಗಳು. ನಾಗೇಂದ್ರ ರಾಣಿಯ ವೇಷ ಕಟ್ಟಿಕೊಂಡು ಪರದೆಯ ಪಕ್ಕ ನಿಂತಿದ್ದ. ಮೈಕಿನ ಜವಾಬ್ದಾರಿ ಹರ್ಷನದು. ಅವನ ಕೈಯಲ್ಲಿ ಚೀಟಿಯಿತ್ತು, ಅದನ್ನು ಮಡಚಿ ಜೇಬಿಗೆ ಹಾಕಿದ.

"ಮುಂದಿನ ವೇಷ ನಾಗೇಂದ್ರ ಅವರದ್ದು" ಎಂದ. "ಪಾಂಪ್ಲೆಟಲ್ಲಿ ನಮ್ಮವರು ಅಂತ ಅಚ್ಚಾಗಿದೆ, ಅದು ತಪ್ಪು. ಅವರು ನಮ್ಮವರಲ್ಲ." ಸ್ವಲ್ಪ ತಡೆದು, "ನಮ್ಮ ಜೊತೆ ಕೂತ್ಕೊಳ್ತಾರೆ" ಎಂದ.

ನಾಗೇಂದ್ರ ರಂಗಕ್ಕೆ ಬಂದು ಕೈ ಎತ್ತಿ ಮೊದಲ ಸುತ್ತು ತಿರುಗಿದ. ಹಿಂದಿನ ಸಾಲಿನಲ್ಲಿ ಯಾರೋ ಸಿಳ್ಳೆ ಹಾಕಿ, "ಎಂತ ಮಾರಾಯ್ತಿ!" ಎಂದು ಕೂಗಿ ನಕ್ಕ. ಎರಡನೇ ಸಾಲಿನಿಂದ ಇಬ್ಬರು ಹೆಂಗಸರು ಎದ್ದರು. ಒಬ್ಬಳು ಕೆರಿಯಮ್ಮ. ಇನ್ನೊಬ್ಬಳು ಹೊಸನಗರದ ಬಸ್ಸಿಗೆ ಬಂದು, ತಂಗಿ ಮನೆಗೆ ಒಯ್ಯುತ್ತಿದ್ದ ಚೀಲವನ್ನು ಇನ್ನೂ ಹೆಗಲಿಂದ ಇಳಿಸದೆ ಕೂತಿದ್ದವಳು. ಇಬ್ಬರೂ ಅವಸರವಿಲ್ಲದೆ ಹಿಂದೆ ನಡೆದುಹೋಗಿ, ನಕ್ಕವನ ಎಡಕ್ಕೊಬ್ಬಳು ಬಲಕ್ಕೊಬ್ಬಳು ಕೂತುಕೊಂಡರು. ಆಮೇಲೆ ರಂಗದ ಕಡೆ ಮುಖ ಮಾಡಿ ಕೊನೆಯ ತನಕ ಆಟ ನೋಡಿದರು.